ಗಾಳಿ ಕಾಣದ ಕೆಸರು

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಭತ್ತ ಬೆಳೆಯುವವರಿಗೆ. ವಿ.ಸಿ. ನಾಲೆಯ ಬಯಲಿನವರು, ಭದ್ರಾ ಅಚ್ಚುಕಟ್ಟಿನವರು, ಗಂಗಾವತಿ, ಸಿಂಧನೂರು ಕಡೆಯವರು, ಕೆರೆ ನೀರನ್ನೇ ನಂಬಿದವರು, ಎಲ್ಲರೂ ಸ್ವಲ್ಪ ಹೊತ್ತು ಕಿವಿಗೊಡಿ. ಭತ್ತದ ಗದ್ದೆಯಿಂದ ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದನ್ನು ಓದಿ ಕೆಲವರು ‘ಅನ್ನ ಬೆಳೆಯುವುದೂ ತಪ್ಪಾಯಿತೇ’ ಎಂದು ಸಿಟ್ಟಾಗುತ್ತಾರೆ. ಇನ್ನು ಕೆಲವರು ‘ಹಾಗಾದರೆ ಭತ್ತವನ್ನೇ ಬಿಟ್ಟುಬಿಡಿ’ ಎಂದು ಸಲಹೆ ಕೊಡುತ್ತಾರೆ. ಇಬ್ಬರೂ ಕೆಸರಿನ ಕಡೆ ಕಣ್ಣು ಹಾಯಿಸಿಲ್ಲ. ಭೂಮಿಯನ್ನು ಬಿಸಿ ಮಾಡುವ ಅನಿಲ ಹುಟ್ಟುವುದು ಗಾಳಿ ಕಾಣದ ಕೆಸರಿನಲ್ಲಿ. ಗಿಡ ಅದನ್ನು ಮೇಲಕ್ಕೆ ಸಾಗಿಸುತ್ತದೆ, ಅಷ್ಟೇ. ಈ ಒಂದು ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅನಿಲದ ಹೆಸರು ಮಿಥೇನ್. ನಿಮಗೆ ಹೊಸದೇನಲ್ಲ. ಗೋಬರ್ ಗ್ಯಾಸ್ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಇದೇ. ಸಗಣಿಯನ್ನು ಗಾಳಿಯಾಡದ ಗುಂಡಿಗೆ ಹಾಕಿ ಮುಚ್ಚಿದರೆ ಗ್ಯಾಸ್ ಬರುತ್ತದೆ. ಹುಲ್ಲು, ಕೂಳೆ, ಗೊಬ್ಬರ ಕಲೆಸಿದ ಮಣ್ಣಿನ ಮೇಲೆ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಗದ್ದೆಯೂ ಮುಚ್ಚಳವಿಲ್ಲದ ಗೋಬರ್ ಗ್ಯಾಸ್ ಗುಂಡಿಯಾಗುತ್ತದೆ. ಬ್ಯಾಟರಿ ಕಂಡುಹಿಡಿದ ಇಟಲಿಯ ಅಲೆಸಾಂಡ್ರೋ ವೋಲ್ಟಾ 1776ರ ನವೆಂಬರಿನಲ್ಲಿ ಮಜೋರೆ ಸರೋವರದ ಅಂಚಿನ ಜೌಗು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಬಾಟಲಿಗೆ ಹಿಡಿದು, ಬೆಂಕಿ ತೋರಿಸಿ ಉರಿಸಿದ್ದ. ಅದೂ ಗಾಳಿ ಕಾಣದ ಕೆಸರೇ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮಿಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ಆದರೆ ವಾತಾವರಣದಲ್ಲಿ ಅದರ ಆಯುಸ್ಸು ಹನ್ನೆರಡು ವರ್ಷದ ಆಸುಪಾಸು ಮಾತ್ರ. ಇವತ್ತು ತಡೆದರೆ ನಮ್ಮ ಕಾಲದಲ್ಲೇ ಫಲ ಕಾಣುತ್ತದೆ. ಈ ಅನಿಲದ ಬಗ್ಗೆ ನನಗೆ ಇಷ್ಟು ಆಸಕ್ತಿ ಅದಕ್ಕೇ.

ಕೆಸರಿನೊಳಗೆ ಏನಾಗುತ್ತದೆ? ನೀರು ನಿಂತ ಕೂಡಲೇ ಮಣ್ಣಿಗೆ ಗಾಳಿ ಇಳಿಯುವ ದಾರಿ ಮುಚ್ಚುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನಲ್ಲಿ ಉಳಿದಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತವೆ. ಆಮೇಲೆ ಆಮ್ಲಜನಕದ ಬದಲಿಗೆ ಮಣ್ಣಿನ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣದ ತುಕ್ಕು, ಸಲ್ಫೇಟ್ ಹೀಗೆ ಒಂದಾದ ಮೇಲೊಂದು ಖರ್ಚಾಗುತ್ತವೆ. ಎಲ್ಲ ತೀರಿದ ಮೇಲೆ ಮಿಥೇನ್ ಮಾಡುವ ಜೀವಿಗಳ ಸರದಿ. ಇವಕ್ಕೆ ಆಮ್ಲಜನಕ ಸೋಕಿದರೆ ಸಾಕು, ಕೆಲಸ ನಿಲ್ಲಿಸುತ್ತವೆ. ಗದ್ದೆ ಕೆಲವು ದಿನ ಆರಿದರೆ ಕಬ್ಬಿಣ ಮತ್ತೆ ತುಕ್ಕಾಗುತ್ತದೆ, ಸಲ್ಫೇಟ್ ಮತ್ತೆ ಹುಟ್ಟುತ್ತದೆ. ತಿರುಗಿ ನೀರು ಕಟ್ಟಿದಾಗ ಅವೆಲ್ಲ ಮೊದಲಿನಿಂದ ಖರ್ಚಾಗಬೇಕು, ಆಮೇಲೇ ಮಿಥೇನ್. ಸ್ವಲ್ಪ ಆರಿಸಿದರೂ ಬಹಳ ದಿನ ಲಾಭ ಸಿಗುವುದು ಹೀಗೆ.

ನಿಮ್ಮ ಗದ್ದೆಯ ಸ್ಥಿತಿ ತಿಳಿಯಲು ಯಂತ್ರ ಬೇಡ. ಒಂದು ಬುಡ ಕಿತ್ತು ಬೇರು ತೊಳೆದು ನೋಡಿ. ಬೇರು ಬಿಳಿಯಾಗಿ, ಅಥವಾ ತುಕ್ಕಿನ ಹಾಗೆ ಕೆಂಪು-ಕಂದಾಗಿ ಇದ್ದರೆ ಅಲ್ಲಿ ಆಮ್ಲಜನಕ ಇದೆ. ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಕೆಸರು ಉಸಿರು ಕಟ್ಟಿದೆ. ಆ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಮಿಥೇನಿಗೆ ವಾಸನೆಯೇ ಇಲ್ಲ, ಆದರೆ ಎರಡೂ ಹುಟ್ಟುವುದು ಇಂಥ ಕೆಸರಿನಲ್ಲೇ.

ಇನ್ನು ಗಿಡದ ವಿಷಯ. ಭತ್ತದ ಬೇರು, ದಂಟು, ಗರಿಗಳ ಒಳಗೆ ಗಾಳಿ ಓಡಾಡುವ ಪೊಳ್ಳು ದಾರಿಗಳಿವೆ. ನೀರಿನಲ್ಲಿ ಮುಳುಗಿದ ಬೇರಿಗೆ ಆಮ್ಲಜನಕ ಇಳಿಸಲು ಗಿಡ ಮಾಡಿಕೊಂಡ ಏರ್ಪಾಡು ಅದು. ಆ ದಾರಿಯಲ್ಲೇ ಕೆಸರಿನ ಮಿಥೇನ್ ಮೇಲೆ ಬರುತ್ತದೆ. ಬೆಳೆದ ಗದ್ದೆಯಿಂದ ಹೊರಬೀಳುವ ಮಿಥೇನಿನಲ್ಲಿ ನೂರಕ್ಕೆ ತೊಂಬತ್ತರವರೆಗೂ ಗಿಡದ ಮೂಲಕವೇ ಬರುತ್ತದೆ. ಗುಳ್ಳೆಯಾಗಿ ಬರುವುದು ಉಳಿದ ಸ್ವಲ್ಪ. ಎಲೆಯ ಪತ್ರರಂಧ್ರಗಳಿಂದ ಅದು ಹೊರಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. 1990ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ ಪ್ರಕಾರ ಹೆಚ್ಚಿನ ಪಾಲು ಬುಡದ ಹತ್ತಿರ, ದಂಟನ್ನು ಸುತ್ತಿದ ಎಲೆಕವಚದ ಸಣ್ಣ ರಂಧ್ರಗಳಿಂದ ಸೋರುತ್ತದೆ. ಕೆರೆಯ ಜೊಂಡು, ತಾವರೆ ಇವುಗಳಲ್ಲೂ ಇಂಥ ಪೊಳ್ಳು ದಾರಿಗಳಿವೆ. ಅಮೆಜಾನಿನ ನೆರೆ ಬಯಲಿನಲ್ಲಿ ಮರದ ಕಾಂಡಗಳೇ ಹೇರಳವಾಗಿ ಮಿಥೇನ್ ಬಿಡುವುದನ್ನು 2017ರಲ್ಲಿ ಅಳೆದು ಪ್ರಕಟಿಸಿದರು. ಆ ಮರಗಳ ಬುಡದಲ್ಲೂ ನೀರು ನಿಂತ ಮಣ್ಣೇ ಇತ್ತು.

2006ರ ಜನವರಿಯಲ್ಲಿ ಜರ್ಮನಿಯ ಫ್ರಾಂಕ್ ಕೆಪ್ಲರ್ ಮತ್ತು ಸಂಗಡಿಗರು ಒಣ ನೆಲದ ಗಿಡಗಳೂ ಗಾಳಿಯಲ್ಲೇ ಮಿಥೇನ್ ತಯಾರಿಸುತ್ತವೆ ಎಂದು ಪ್ರಕಟಿಸಿದಾಗ ದೊಡ್ಡ ಗದ್ದಲವಾಯಿತು. ಜಗತ್ತಿನ ಮಿಥೇನಿನಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಪಾಲು ಗಿಡಗಳದೇ ಇರಬಹುದು ಎಂಬ ಅಂದಾಜು ಅದು. ಮರು ವರ್ಷ ನೆದರ್ಲೆಂಡಿನವರು ಭಾರದ ಇಂಗಾಲ, ಅಂದರೆ ತೂಕ ಹೆಚ್ಚಿದ್ದು ಗುರುತು ಹಿಡಿಯಲು ಬರುವ ಇಂಗಾಲ ಕೊಟ್ಟು ಗಿಡ ಬೆಳೆಸಿ, ಅದೇ ಇಂಗಾಲದ ಮಿಥೇನ್ ಹೊರಬರುತ್ತದೆಯೇ ಎಂದು ಹುಡುಕಿದರು. ಲೆಕ್ಕಕ್ಕೆ ಸಿಗುವಷ್ಟು ಸಿಗಲಿಲ್ಲ. ಸುಡುವ ಬಿಸಿಲಿನ ಅತಿನೇರಳೆ ಕಿರಣಕ್ಕೆ ಎಲೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಪದಾರ್ಥ ಒಡೆದು ಒಂದಿಷ್ಟು ಬರುತ್ತದೆ, ಅದು ಅತ್ಯಲ್ಪ. ಹೊಂಗೆ, ಬೇವು, ಮಾವು ನೆಡುವವರು ನಿಶ್ಚಿಂತೆಯಾಗಿ ನೆಡಿ.

ಈಗ ಒಂದು ಘಟನೆ ಹೇಳಬೇಕು. ಭಾರತದ ರೈತರು ಎಲ್ಲರೂ ತಿಳಿದಿರಬೇಕಾದದ್ದು ಇದು. 1990ರ ಹೊತ್ತಿಗೆ, ಪರಿಸರದ ಬಗ್ಗೆ ಜಗತ್ತಿನ ದೇಶಗಳೆಲ್ಲ ಸೇರಿದ ರಿಯೋ ಶೃಂಗಸಭೆಗೆ ಇನ್ನೂ ಎರಡು ವರ್ಷ ಇರುವಾಗ, ಯಾವ ದೇಶ ಎಷ್ಟು ಅನಿಲ ಬಿಡುತ್ತದೆ ಎಂಬ ಪಟ್ಟಿ ತಯಾರಾಗುತ್ತಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಭಾರತದ ಭತ್ತದ ಗದ್ದೆಗಳ ಪಾಲು ವರ್ಷಕ್ಕೆ 37.8 ಮಿಲಿಯನ್ ಟನ್ ಮಿಥೇನ್. ಇಡೀ ಪ್ರಪಂಚದ ಗದ್ದೆಗಳಿಂದ ಸುಮಾರು 110 ಮಿಲಿಯನ್ ಟನ್ ಎಂದು ಆಗ ನಂಬಿದ್ದರು. ಅಂದರೆ ಮೂರನೇ ಒಂದು ಪಾಲಿನ ಹೊರೆ ನಮ್ಮ ರೈತರ ತಲೆಯ ಮೇಲೆ. ಈ ಲೆಕ್ಕ ಬಂದದ್ದು ಎಲ್ಲಿಂದ? ಅಮೆರಿಕ ಮತ್ತು ಯುರೋಪಿನ ಗದ್ದೆಗಳಲ್ಲಿ ಅಳೆದ ಪ್ರಮಾಣವನ್ನು ತೆಗೆದು ನಮ್ಮ ಕೋಟಿಗಟ್ಟಲೆ ಎಕರೆಗೆ ಗುಣಿಸಿದ್ದರು. ಅಲ್ಲಿ ಹಂಗಾಮು ಪೂರ್ತಿ ತುಂಬಿ ನಿಲ್ಲುವ ನೀರು. ನಮ್ಮ ಗದ್ದೆ ಹೇಗಿರುತ್ತದೆ, ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ಯಾರೂ ಕೇಳಿರಲಿಲ್ಲ.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಈ ಲೆಕ್ಕವನ್ನು ಒಪ್ಪಲಿಲ್ಲ. ಮಿತ್ರರು ಮೂಲತಃ ರೇಡಿಯೋ ವಿಜ್ಞಾನಿ. ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಮೇಲಿನ ಆಕಾಶದ ಅಯಾನುಗೋಳವನ್ನು ಓದಿ ಹೆಸರಾದವರು. ಬಾನುಲಿಯಲ್ಲಿ ಅವರ ಹೆಸರು ಹೇಳುವುದು ನನಗೆ ಸಂತೋಷ. ವಾದ ಮಾಡುತ್ತಾ ಕೂರುವುದಕ್ಕಿಂತ ಅಳೆಯೋಣ ಎಂದು 1991ರಲ್ಲಿ ದೇಶದ ಬೇರೆ ಬೇರೆ ಭತ್ತದ ಪ್ರದೇಶಗಳಲ್ಲಿ ಒಂದೇ ವಿಧಾನದ ಅಳತೆ ಏರ್ಪಡಿಸಿದರು.

ಆ ಅಳತೆ ನಡೆಯುವ ರೀತಿ ಹೀಗೆ. ಗದ್ದೆಯ ಕೆಸರಿಗೆ ಮೊದಲೇ ಒಂದು ಲೋಹದ ಚೌಕಟ್ಟು ಇಳಿಸಿರುತ್ತಾರೆ. ಅದರ ಸುತ್ತ ತೋಡು, ತೋಡಿನಲ್ಲಿ ನೀರು. ಪಾರದರ್ಶಕ ಅಕ್ರಿಲಿಕ್ ಡಬ್ಬಿಯನ್ನು ಬುಡಗಳ ಮೇಲೆ ಕವುಚಿ ಆ ತೋಡಿನಲ್ಲಿ ಕೂರಿಸಿದರೆ ನೀರೇ ಬಿರಡೆಯಾಗಿ ಗಾಳಿ ಸೋರುವುದಿಲ್ಲ. ಒಳಗೆ ಬ್ಯಾಟರಿಯ ಪುಟ್ಟ ಫ್ಯಾನು ಗಾಳಿಯನ್ನು ಬೆರೆಸುತ್ತದೆ. ಡಬ್ಬಿ ಇಟ್ಟ ಕೂಡಲೇ ಒಮ್ಮೆ, ಹದಿನೈದು ನಿಮಿಷಕ್ಕೆ ಒಮ್ಮೆ, ಅರ್ಧ ಗಂಟೆಗೆ ಇನ್ನೊಮ್ಮೆ ಸಿರಿಂಜಿನಲ್ಲಿ ಗಾಳಿ ಎಳೆದು, ಗ್ಯಾಸ್ ಕ್ರೊಮಟೊಗ್ರಾಫ್ ಎಂಬ ಯಂತ್ರದಲ್ಲಿ ಮಿಥೇನ್ ನೋಡುತ್ತಾರೆ. ಅರ್ಧ ಗಂಟೆಯಲ್ಲಿ ಎಷ್ಟು ಏರಿತು ಎಂಬುದರಿಂದ ಚದರ ಮೀಟರಿಗೆ ಎಷ್ಟು ಎಂಬ ಲೆಕ್ಕ. ಅಳೆಯುವವರು ಕೆಸರಿಗೆ ಕಾಲಿಡುವಂತಿಲ್ಲ. ತುಳಿದರೆ ಗುಳ್ಳೆ ಎದ್ದು ಲೆಕ್ಕ ಕೆಡುತ್ತದೆ. ಅದಕ್ಕೆ ಹಲಗೆ ಹಾಕಿಕೊಂಡು ನಿಲ್ಲುತ್ತಾರೆ. ಮಳೆ ಬರಲಿ, ಬಿಸಿಲಿರಲಿ, ನಾಟಿಯಿಂದ ಕೊಯ್ಲಿನವರೆಗೆ ಇದೇ ಕೆಲಸ.

ಬಂದ ಉತ್ತರ ವರ್ಷಕ್ಕೆ ಸುಮಾರು 4 ಮಿಲಿಯನ್ ಟನ್. ಹೇಳಿದ್ದು 37.8, ಇದ್ದದ್ದು 4. ಹತ್ತರಲ್ಲಿ ಒಂದು ಪಾಲು! ನಮ್ಮ ಭತ್ತದ ತಳಿ ಬೇರೆ ಎಂದು ಹೀಗಾಯಿತೇ? ಇಲ್ಲ. ನಮ್ಮ ಗದ್ದೆಗಳಲ್ಲಿ ದೊಡ್ಡ ಪಾಲು ಮಳೆಯಾಶ್ರಿತ. ಮಳೆ ಬಿಟ್ಟಾಗ ಕೆಸರು ಆರುತ್ತದೆ, ಗಾಳಿ ಇಳಿಯುತ್ತದೆ. ಜೊತೆಗೆ ಹುಲ್ಲೆಲ್ಲ ದನದ ಮೇವಿಗೆ ಹೋಗುವುದರಿಂದ ಮಣ್ಣಿನಲ್ಲಿ ಕೊಳೆಯುವ ಪದಾರ್ಥ ಕಡಿಮೆ. ಅದೇ ದೇಶದಲ್ಲಿ ಸದಾ ನೀರು ನಿಂತ ಗದ್ದೆಯಲ್ಲಿ ಪ್ರಮಾಣ ಹೆಚ್ಚೇ ಇತ್ತು. ಎರಡೂ ಕಡೆ ಇದ್ದದ್ದು ಭತ್ತವೇ. ಕೆಸರಿಗೆ ಗಾಳಿ ಸಿಕ್ಕಿತೋ ಇಲ್ಲವೋ, ವ್ಯತ್ಯಾಸ ಅಲ್ಲಿ.

ಈ ಕಥೆ ಹೇಳುತ್ತಾ ಸಮಯ ಹೋಯಿತು. ಮಾಡಬೇಕಾದ್ದನ್ನು ಬೇಗ ಹೇಳುತ್ತೇನೆ, ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ.

ನಾಲ್ಕು ಇಂಚಿನ ಪಿವಿಸಿ ಪೈಪನ್ನು 30 ಸೆಂಟಿಮೀಟರ್, ಅಂದರೆ ಒಂದು ಅಡಿ ಉದ್ದಕ್ಕೆ ಕತ್ತರಿಸಿ. ಕೆಳಗಿನ 20 ಸೆಂಟಿಮೀಟರಿಗೆ ಸುತ್ತಲೂ ಅರ್ಧ ಸೆಂಟಿಮೀಟರ್ ಅಗಲದ ತೂತು ಕೊರೆಯಿರಿ, ತೂತಿನಿಂದ ತೂತಿಗೆ ಎರಡು ಸೆಂಟಿಮೀಟರ್ ಅಂತರ. ತೂತಿರುವ ಭಾಗ ಮಣ್ಣಿನೊಳಗೆ, 10 ಸೆಂಟಿಮೀಟರ್ ಮೇಲೆ ಉಳಿಯುವಂತೆ ಹೂಳಿ. ಉಳುಮೆಯ ಅಡಿಯ ಗಟ್ಟಿ ಪದರ ಸಿಕ್ಕಿದರೆ ಅಲ್ಲೇ ನಿಲ್ಲಿಸಿ. ಅದನ್ನು ತೂತು ಮಾಡಿದರೆ ನೀರು ಬಸಿದುಹೋಗುತ್ತದೆ. ಪೈಪಿನ ಒಳಗಿನ ಮಣ್ಣನ್ನು ತಳದವರೆಗೂ ಕೈಯಿಂದ ತೆಗೆಯಿರಿ. ಬಹಳ ಜನ ತಪ್ಪುವುದು ಇಲ್ಲೇ. ಮಣ್ಣು ಒಳಗೇ ಉಳಿದರೆ ಪೈಪು ಏನನ್ನೂ ತೋರಿಸುವುದಿಲ್ಲ. ಇನ್ನೊಂದು ತಪ್ಪು, ಬದುವಿನ ಪಕ್ಕದಲ್ಲೇ ನೆಡುವುದು. ಬದುವಿನ ಹತ್ತಿರ ನೀರು ಸೋರಿ ಸುಳ್ಳು ಮಟ್ಟ ಕಾಣುತ್ತದೆ. ಬದುವಿನಿಂದ ಒಂದೆರಡು ಮಾರು ಒಳಗೆ, ಗದ್ದೆ ಸಮತಟ್ಟಾಗಿರುವ ಕಡೆ ಇಡಿ. ಗದ್ದೆ ಮಟ್ಟ ಇಲ್ಲದಿದ್ದರೆ ಉಬ್ಬಿನ ಮೇಲೆ ಪೈರು ಒಣಗಿ ತಗ್ಗಿನಲ್ಲಿ ನೀರು ನಿಂತೇ ಇರುತ್ತದೆ, ಆದ್ದರಿಂದ ಕೆಸರು ಮಾಡುವಾಗಲೇ ಹಲಗೆ ಹೊಡೆದು ಮಟ್ಟ ಮಾಡಿಕೊಳ್ಳಿ.

ನಾಟಿಯಾಗಿ ಎರಡು ವಾರ ತೆಳುವಾಗಿ ನೀರು ನಿಲ್ಲಿಸಿ, ಕಳೆ ಹತೋಟಿಗೆ ಬರುತ್ತದೆ. ಆಮೇಲೆ ನೀರು ಕಟ್ಟುವುದನ್ನು ನಿಲ್ಲಿಸಿ, ದಿನಕ್ಕೊಮ್ಮೆ ಪೈಪಿನೊಳಗೆ ನೋಡಿ. ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ 5 ಸೆಂಟಿಮೀಟರ್ ನೀರು ಕಟ್ಟಿ. ಮೇಲೆ ನೀರು ಕಾಣದಿದ್ದರೂ ಬೇರಿಗೆ ಕೆಳಗಿನಿಂದ ಸಿಗುತ್ತಲೇ ಇರುತ್ತದೆ. ಹೊಡೆ ಒಡೆದು ತೆನೆ ಹೂವಾಗುವ ಕಾಲಕ್ಕೆ ಮಾತ್ರ ಈ ಆಟ ಬೇಡ. ಹೂ ಬರುವುದಕ್ಕೆ ಒಂದು ವಾರ ಮುಂಚಿನಿಂದ ಹೂ ಮುಗಿದ ಒಂದು ವಾರದವರೆಗೆ 5 ಸೆಂಟಿಮೀಟರ್ ನೀರು ಇರಲಿ, ಇಲ್ಲದಿದ್ದರೆ ಜೊಳ್ಳಾಗುತ್ತದೆ. ಹೀಗೆ ಮಾಡಿದ ಗದ್ದೆಯಲ್ಲಿ ಮಿಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ನೀರು ನೂರಕ್ಕೆ ಮೂವತ್ತರವರೆಗೆ ಉಳಿಯುತ್ತದೆ, ಇಳುವರಿ ಕಡಿಮೆಯಾಗುವುದಿಲ್ಲ. ನಾಲೆಯ ತಲೆಭಾಗದವರು ದಯವಿಟ್ಟು ಕೇಳಿಸಿಕೊಳ್ಳಿ. ಮೊಣಕಾಲುದ್ದ ನೀರು ನಿಲ್ಲಿಸಿದರೆ ತೆಂಡೆ ಹೆಚ್ಚುವುದಿಲ್ಲ, ಕಾಳು ಹೆಚ್ಚುವುದಿಲ್ಲ. ಕೊನೆಭಾಗದ ರೈತನಿಗೆ ನೀರು ಹೋಗುವುದಿಲ್ಲ, ಕೆಸರಿಗೆ ಗಾಳಿ ಹೋಗುವುದಿಲ್ಲ.

ಹುಲ್ಲಿನ ವಿಷಯ ಎರಡೇ ಮಾತು. ಯಂತ್ರದಲ್ಲಿ ಕೊಯ್ದ ಮೇಲೆ ಉಳಿದ ಹುಲ್ಲನ್ನು ನೀರು ಕಟ್ಟುವ ಮುಂಚಿನ ವಾರ ಉತ್ತು ಮುಚ್ಚಬೇಡಿ, ಸುಡಲೂ ಬೇಡಿ. ಒಣ ನೆಲದಲ್ಲಿ ಒಂದು ತಿಂಗಳಿಗಿಂತ ಮುಂಚೆಯೇ ಉತ್ತು ಬಿಟ್ಟರೆ ಗಾಳಿಯಲ್ಲೇ ಕೊಳೆಯುತ್ತದೆ, ಆ ಹುಲ್ಲಿನಿಂದ ಹೆಚ್ಚುವ ಮಿಥೇನ್ ಮೂರನೇ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಕೊಟ್ಟಿಗೆ ಗೊಬ್ಬರವನ್ನೂ ಚೆನ್ನಾಗಿ ಕಳಿತ ಮೇಲೆ ಹಾಕಿ. ಹಸಿ ಸಗಣಿ ಕೆಸರಿಗೆ ಬಿದ್ದರೆ ಮಿಥೇನಿಗೆ ನಾವೇ ಮೇವು ಹಾಕಿದ ಹಾಗೆ.

ಸವಳು ನೆಲ ಇರುವ ಕಡೆ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅಂಥ ಜಾಗ ಸಾಕಷ್ಟಿವೆ, ಆರಿಸುವ ಪದ್ಧತಿ ಬೇಡ. ಆರಿದರೆ ಉಪ್ಪು ಮೇಲೆ ಬಂದು ಬೇರು ಸುಡುತ್ತದೆ. ಅಲ್ಲಿ ಮೊದಲು ಬಸಿಗಾಲುವೆ ಆಗಬೇಕು.

ಕೊನೆಯದು ಯೂರಿಯಾ. ಯೂರಿಯಾ ಎರಚಿ ಆಮೇಲೆ ಗದ್ದೆ ಆರಲು ಬಿಟ್ಟರೆ ಸಾರಜನಕದ ಒಂದಿಷ್ಟು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಶಾಖ ಹಿಡಿಯುವ ಅನಿಲ, ನಿಮ್ಮ ದುಡ್ಡೂ ಅದರ ಜೊತೆಗೆ ಹೋಗುತ್ತದೆ. ಪೈಪಿನಲ್ಲಿ ನೀರು ಇಳಿದು ಇನ್ನೇನು ನೀರು ಕಟ್ಟಬೇಕು ಎನ್ನುವ ದಿನ, ಆರಿದ ಮಣ್ಣಿನ ಮೇಲೆ ಯೂರಿಯಾ ಹಾಕಿ, ಅದೇ ದಿನ ತೂಬು ತೆಗೆಯಿರಿ. ನೀರಿನ ಜೊತೆ ಗೊಬ್ಬರ ಬೇರಿನ ಮಟ್ಟಕ್ಕೆ ಇಳಿಯುತ್ತದೆ. ನಮಸ್ಕಾರ.