ರೆಕ್ಕೆ ಕೂಡಿಸಲು ಬಾರದವರು ಒಂಟಿಯಾಗಿ ಹಾರಬೇಕೆ?

ಗ್ಲೈಡರ್ ಎಂದರೇನು ಎಂದು ನಮ್ಮ ಚಿತ್ರದುರ್ಗದ ಕಡೆಯ ಹುಡುಗರು ಕೇಳಿದಾಗಲೆಲ್ಲ ನಾನು ಪುಷ್ಪಕ್ ನೌಕೆಯನ್ನು ನೆನಪಿಸುತ್ತೇನೆ. 2024ರ ಜೂನ್ 23ರಂದು ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ, ಇಸ್ರೋದ ಆ ನೌಕೆಯನ್ನು ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟುಕೊಟ್ಟಿತು. ಎಂಜಿನ್ನಿನ ನೆರವಿಲ್ಲದೆ ಅದು ತಾನಾಗಿಯೇ ರನ್‌ವೇಗೆ ಬಂದಿಳಿಯಿತು. ಅದರ ರೆಕ್ಕೆ ಮೋಟು, ಇಳಿಯುವ ವೇಗ ವಿಪರೀತ. ಗ್ಲೈಡರಿಗೂ ಎಂಜಿನ್ ಇಲ್ಲ, ಆದರೆ ಅದರದು ನೀಳವಾದ ರೆಕ್ಕೆ. ಮೇಲೇರುವ ಬಿಸಿಗಾಳಿ ಸಿಕ್ಕರೆ ಗಂಟೆಗಟ್ಟಲೆ ಹದ್ದಿನ ಹಾಗೆ ಸುತ್ತುತ್ತದೆ. ಆದರೂ ಇಳಿಯಲು ಸಿಗುವ ಅವಕಾಶ ಎರಡಕ್ಕೂ ಒಂದೇ.

ಆ ನೀಳ ರೆಕ್ಕೆಗಳನ್ನು ಬಿಚ್ಚಿ ಟ್ರೈಲರಿನಲ್ಲಿ ಸಾಗಿಸಬಹುದು, ಮತ್ತೆ ಕೂಡಿಸಬಹುದು. ಸೋಲೋ, ಅಂದರೆ ಒಬ್ಬರೇ, ಹಾರುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲವರ ಕಣ್ಣೆದುರಿನಲ್ಲಿ ಈ ಕೆಲಸವನ್ನು ಕೈಯಾರೆ ಒಂದೆರಡು ಬಾರಿಯಾದರೂ ಮಾಡಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ಹೇಳುತ್ತೇನೆ. ಹಳೆಯ ಮಾದರಿಯ ಗ್ಲೈಡರುಗಳಲ್ಲಿ ರೆಕ್ಕೆಯ ಮುಖ್ಯ ಪಿನ್ನುಗಳನ್ನು ಸೇರಿಸಿದರಷ್ಟೇ ಸಾಲದು. ಪಕ್ಕಕ್ಕೆ ವಾಲಿಸುವ ಐಲೆರಾನ್, ಇಳಿಯುವಾಗ ತಡೆಯೊಡ್ಡುವ ಏರ್‌ಬ್ರೇಕ್, ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಎಲಿವೇಟರ್, ಇವುಗಳ ಸರಳುಗಳನ್ನೂ ಒಂದೊಂದಾಗಿ ಕೈಯಿಂದ ಸಿಕ್ಕಿಸಬೇಕು. ಸರಳು ಸೇರುವ ಕೀಲಿನ ಗುಂಡು ತನ್ನ ಗುಳಿಯಲ್ಲಿ ಪೂರ್ತಿ ಕೂತಂತೆ ಕಂಡರೂ ಕೆಲವೊಮ್ಮೆ ಬೀಗ ಬಿದ್ದಿರುವುದಿಲ್ಲ. ಸಣ್ಣ ರಂಧ್ರದಲ್ಲಿ ಸೇಫ್ಟಿ ಪಿನ್ ತೂರಿದಾಗಲೇ ಅದು ಗೊತ್ತಾಗುವುದು. ಇನ್ನೂ ಮೋಸಗೊಳಿಸುವ ಸಂಗತಿಯೆಂದರೆ, ಎಲಿವೇಟರ್ ಜೋಡಣೆಯಾಗದಿದ್ದರೂ ಪೈಲಟ್ ಹಿಡಿಯುವ ಸ್ಟಿಕ್ ಸಲೀಸಾಗಿಯೇ ಆಡುತ್ತದೆ, ಹೇಳಬೇಕೆಂದರೆ ಇನ್ನಷ್ಟು ಸಲೀಸಾಗಿ. ಒಳಗೆ ಕೂತವರಿಗೆ ಎಲ್ಲವೂ ಸರಿಯಿದೆ ಎನಿಸುತ್ತದೆ, ಬಾಲದಲ್ಲಿ ಮಾತ್ರ ಏನೂ ನಡೆಯುತ್ತಿರುವುದಿಲ್ಲ. ಆದ್ದರಿಂದಲೇ ಒಬ್ಬರು ಹೊರಗೆ ನಿಂತು ಎಲಿವೇಟರನ್ನು ಅಂಗೈಯಲ್ಲಿ ಒತ್ತಿ ಹಿಡಿದಿರುವಾಗ, ಒಳಗಿನವರು ಸ್ಟಿಕ್ಕನ್ನು ಎಳೆದು ನೋಡುವ ಕ್ರಮವಿದೆ. ಅಂಗೈಗೆ ಆ ಒತ್ತಡ ತಟ್ಟಬೇಕು. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲಾಗುವುದಿಲ್ಲ.

ನಾಯಕನಹಟ್ಟಿ ಜಾತ್ರೆಗೆ ಬಂಡಿ ಕಟ್ಟುವಾಗ ನಮ್ಮಜ್ಜ, ಮಗ ಆಗಲೇ ನೋಡಿದ್ದೇನೆಂದರೂ ಕೇಳದೆ, ಎರಡೂ ಗಾಲಿಯ ಕಡಾಣಿಯನ್ನು ಮುಟ್ಟಿ ನೋಡಿಯೇ ನೊಗಕ್ಕೆ ಎತ್ತು ಹೂಡುತ್ತಿದ್ದರು. ಮಗನ ಮೇಲೆ ಅವರಿಗೆ ಅನುಮಾನವೇನೂ ಇರಲಿಲ್ಲ.

ಕ್ಲಬ್ಬಿನ ಗ್ಲೈಡರುಗಳು ಹ್ಯಾಂಗರಿನಲ್ಲಿ ಕೂಡಿಸಿಯೇ ಇರುತ್ತವೆ, ಕಲಿಯುವವರ ಕೈಗೆ ಕೊಟ್ಟರೆ ರೆಕ್ಕೆಯ ತುದಿ ನೆಲಕ್ಕೆ ತಾಗಿ ಹಾಳಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ವಾರ್ಷಿಕ ತಪಾಸಣೆಗೆ ಬಿಚ್ಚುವ ದಿನವಾದರೂ ವಿದ್ಯಾರ್ಥಿಗಳನ್ನು ಕರೆಯಬಹುದಲ್ಲ? ಚಹಾ ತರಲು ಕಳಿಸುವ ಬದಲು ರೆಕ್ಕೆಯ ಮುಖ್ಯ ತೊಲೆಯಾದ ಸ್ಪಾರ್ ಹಿಡಿಯಲು ನಿಲ್ಲಿಸಲಿ. ಹೀಗೆ ಕಲಿತವರು ಮುಂದೊಂದು ದಿನ ಗಾಳಿ ಕೈಕೊಟ್ಟು ಯಾರದೋ ಮೆಕ್ಕೆಜೋಳದ ಹೊಲದ ಪಕ್ಕದ ಬೀಳಿನಲ್ಲಿ ಇಳಿದಾಗ, ಟ್ರೈಲರ್ ತಂದವರ ಮುಖ ನೋಡುತ್ತ ನಿಲ್ಲಬೇಕಾಗುವುದಿಲ್ಲ.

ಒಂದು ಶಿಸ್ತನ್ನಂತೂ ಮೊದಲ ದಿನವೇ ಹೇಳಿಕೊಡಬೇಕು: ಕೂಡಿಸುವಾಗ ಹರಟೆ ಬೇಡ, ಅನಿವಾರ್ಯವಾಗಿ ಫೋನ್ ಎತ್ತಿಕೊಂಡರೆ, ಮಾತು ಮುಗಿದ ಮೇಲೆ ಬಿಟ್ಟ ಕಡೆಯಿಂದ ಮುಂದುವರಿಯದೆ ಮೊದಲ ಪಿನ್ನಿನಿಂದಲೇ ಮತ್ತೆ ನೋಡಿಕೊಂಡು ಬರಬೇಕು.