ಡಿಸ್ಕಿನ ಅಂಚಿನ ಎರಡು ನಿಮಿಷ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಊರುಗಳಲ್ಲಿ ಬಯಲಾಟವೆಂದರೆ ರಾತ್ರಿ ಊಟವಾದ ಮೇಲೆ ಶುರುವಾಗಿ ಬೆಳಗಿನ ಮಂಗಳದವರೆಗೆ ನಡೆಯುವ ಆಟ. ಅದನ್ನು ಚಿತ್ರೀಕರಿಸಿ ವಿಡಿಯೊ ಸೀಡಿಗೆ ಇಳಿಸುವವರ ಕೈಯಲ್ಲಿರುವುದು 80 ನಿಮಿಷದ ಡಿಸ್ಕ್. ಕೊನೆಯ ಭಾಗ 82 ನಿಮಿಷಕ್ಕೆ ಬಂದು ನಿಂತಾಗ, ಇಷ್ಟಕ್ಕಾಗಿ ಇನ್ನೊಂದು ಡಿಸ್ಕ್ ಏಕೆ, ಇದರಲ್ಲೇ ತುರುಕೋಣ ಎನಿಸುವುದು ಸಹಜ. ಹೀಗೆ ಅಳತೆ ಮೀರಿ ಬರೆಯುವುದಕ್ಕೆ ಓವರ್‌ಬರ್ನ್ ಎನ್ನುತ್ತಾರೆ.

ಇದಕ್ಕೂ ಮೊದಲು ಲೆಕ್ಕವೊಂದನ್ನು ಸರಿಮಾಡಿಕೊಳ್ಳಬೇಕು. 700 ಎಂಬಿ ಎಂದು ಅಚ್ಚಾದ ಡಿಸ್ಕಿನಲ್ಲಿ 780 ಎಂಬಿಯ ವಿಡಿಯೊ ಹಿಡಿಯುವುದಿಲ್ಲವೆಂದು ಅನೇಕರು ಆಟವನ್ನೇ ಕತ್ತರಿಸುತ್ತಾರೆ. ಅದರ ಅಗತ್ಯವಿಲ್ಲ. ಸೀಡಿಯ ಒಂದು ಸೆಕೆಂಡಿನಲ್ಲಿ ಮಾಹಿತಿಯ 75 ಸಣ್ಣ ತುಣುಕುಗಳು, ಅಂದರೆ ಸೆಕ್ಟರುಗಳಿರುತ್ತವೆ. ಸಾಮಾನ್ಯ ಕಡತಗಳಿಗೆ ಪ್ರತಿ ಸೆಕ್ಟರಿನಲ್ಲಿ 2048 ಬೈಟ್ ದೊರೆತರೆ ವಿಡಿಯೊ ಸೀಡಿಯ ಚಿತ್ರಕ್ಕೆ 2324 ಬೈಟ್ ದೊರೆಯುತ್ತದೆ, ಏಕೆಂದರೆ ತಪ್ಪು ತಿದ್ದಲೆಂದು ಮೀಸಲಿಟ್ಟ ಹೆಚ್ಚುವರಿ ಸಂಕೇತಗಳ ಜಾಗವನ್ನೂ ಅಲ್ಲಿ ಚಿತ್ರಕ್ಕೇ ಬಿಟ್ಟುಕೊಡಲಾಗಿದೆ. ಆದ್ದರಿಂದ 80 ನಿಮಿಷದ ಡಿಸ್ಕಿನಲ್ಲಿ ಸುಮಾರು 800 ಎಂಬಿ ವಿಡಿಯೊ ನಿರಾಯಾಸವಾಗಿ ಹಿಡಿಯುತ್ತದೆ. ವಿಡಿಯೊ ಸೀಡಿಗೆ ಎಂಬಿಯನ್ನಲ್ಲ, ನಿಮಿಷವನ್ನು ಎಣಿಸಬೇಕು.

ನಿಜವಾದ ಓವರ್‌ಬರ್ನ್ ಆರಂಭವಾಗುವುದು ಆ ನಿಮಿಷಗಳೂ ದಾಟಿದಾಗ. ಸೀಡಿಯನ್ನು ಬರೆಯುವ ಲೇಸರ್ ನಡುವಿನಿಂದ ಹೊರಟು ಸುರುಳಿಯಾಗಿ ಅಂಚಿನತ್ತ ಸಾಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಒಂದೂವರೆ ನಿಮಿಷದಷ್ಟು ಖಾಲಿ ಸುರುಳಿ ಇರಬೇಕು. ಅದೇ ಲೀಡ್-ಔಟ್, ಡಿಸ್ಕ್ ಇಲ್ಲಿಗೆ ಮುಗಿಯಿತೆಂದು ಪ್ಲೇಯರಿಗೆ ತಿಳಿಸುವ ಗುರುತು. ನಾವು ಕದಿಯುವುದು ಈ ಜಾಗವನ್ನು ಮತ್ತು ಅದರಾಚೆ ಉಳಿದಿರಬಹುದಾದ ಅಲ್ಪಸ್ವಲ್ಪ ಗೆರೆಯನ್ನು. ಅದು ಎಷ್ಟಿರುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಡಿಸ್ಕ್ ಬರೆಯುವ ಸಾಧನವಾದ ರೈಟರ್ ಕೂಡ ಒಪ್ಪಬೇಕು. ನನಗೆ ಮುಖ್ಯವೆನಿಸುವ ಸಂಗತಿ ಇನ್ನೊಂದು. ಬಣ್ಣದ ಲೇಪ ತೆಳುವಾಗಿರುವ ಸಂಭವ, ಬೆರಳಿನ ಗುರುತು, ಗೀರು, ಎಲ್ಲವೂ ಹೆಚ್ಚಾಗಿ ಕಾಣುವುದು ಅಂಚಿನಲ್ಲೇ. ಆಟದ ಮಂಗಳ ಹೋಗಿ ಕೂರುವುದೂ ಅಲ್ಲಿಯೇ. ಇಡೀ ರಾತ್ರಿ ಕುಣಿದವರ ಕೊನೆಯ ಪದವನ್ನು ಅಷ್ಟು ನಂಬಿಕೆಗೆಟ್ಟ ಜಾಗದಲ್ಲಿ ಇಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಆದರೂ ಬರೆಯಲೇಬೇಕಾದರೆ ಇಡೀ ಡಿಸ್ಕನ್ನು ಒಂದೇ ಓಟದಲ್ಲಿ ಬರೆಯುವ ಡಿಸ್ಕ್-ಅಟ್-ಒನ್ಸ್ ವಿಧಾನವನ್ನೇ ಆರಿಸಿ, ವೇಗವನ್ನು ತಗ್ಗಿಸಿ ಬರೆಯಿರಿ. ಈ ವಿಧಾನದಲ್ಲಿ ವಿಷಯಸೂಚಿಯಂತಿರುವ ಲೀಡ್-ಇನ್ ಮೊದಲೇ ಬರೆಯಲ್ಪಡುತ್ತದೆ. ಹಾಗಾಗಿ ಕೊನೆಯ ಗಳಿಗೆಯಲ್ಲಿ ಪರದೆಯ ಮೇಲೆ ದೋಷದ ಸಂದೇಶ ಬಂದರೂ ಡಿಸ್ಕನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಬರೆದ ಭಾಗದ ಬಣ್ಣ ಬರೆಯದ ಭಾಗಕ್ಕಿಂತ ಬೇರೆಯಾಗಿರುತ್ತದೆ. ಬಣ್ಣ ಅಂಚಿನವರೆಗೂ ಹಬ್ಬಿದ್ದರೆ ಸೋತಿರುವುದು ಬಹುಶಃ ಲೀಡ್-ಔಟ್ ಮಾತ್ರ, ಚಿತ್ರ ಪೂರ್ತಿ ಓಡಬಹುದು. ಪ್ಲೇಯರಿನಲ್ಲಿ ಹಾಕಿ ಕೊನೆಯ ಐದು ನಿಮಿಷಗಳನ್ನು ಕುಳಿತು ನೋಡಿ. ಬಣ್ಣ ಅಂಚು ಮುಟ್ಟದೆ ಅರ್ಧದಲ್ಲೇ ನಿಂತಿದ್ದರೆ ಕರೆಂಟು ಹೋಗಿರಬೇಕು, ಇಲ್ಲವೇ ಕಂಪ್ಯೂಟರ್ ಮಾಹಿತಿ ಒದಗಿಸುವಲ್ಲಿ ಹಿಂದೆ ಬಿದ್ದಿರಬೇಕು. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಿ ಅದನ್ನು ಮುಂದುವರಿಸಲು ಬರುವುದಿಲ್ಲ. ಮರುಬಳಕೆಯ ಆರ್‌ಡಬ್ಲ್ಯೂ ಆಗಿದ್ದರೆ ತ್ವರಿತವಾಗಿ ಅಲ್ಲ, ಪೂರ್ತಿಯಾಗಿ ಅಳಿಸಿ ಮತ್ತೆ ಬರೆಯಿರಿ.

ಮೂಲ ಕ್ಯಾಸೆಟ್ ಉಳಿದಿಲ್ಲವಾದರೆ ಆ ಸೋತ ಡಿಸ್ಕೇ ಮೂಲ. ಬರೆದ ರೈಟರಿನಲ್ಲೇ ಮೊದಲು ಓದಿಸಿ. ಆಗದಿದ್ದರೆ ಬೇರೆ ಒಂದೆರಡು ಡ್ರೈವ್‌ಗಳಲ್ಲಿ ನೋಡಿ. ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿರುವ ಡ್ಯಾಟ್ ಕಡತವನ್ನು, ಓದಲಾಗದ ಸೆಕ್ಟರುಗಳನ್ನು ದಾಟಿ ಮುಂದೆ ಸಾಗುವ ತಂತ್ರಾಂಶದಿಂದ ನಕಲು ಮಾಡಿಕೊಳ್ಳಿ.

ಡಿವಿಡಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 4.7 ಜಿಬಿ ಎಂದು ಅಚ್ಚಾದುದನ್ನು ಕಂಪ್ಯೂಟರ್ 4.38 ಎಂದು ತೋರಿಸುವುದು ಎಣಿಕೆಯ ವ್ಯತ್ಯಾಸವೇ ಹೊರತು ಅಂಗಡಿಯವರ ಮೋಸವಲ್ಲ. ಚೂರು ಹೆಚ್ಚಾದರೆ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೆ ಬಳಸುವ ಮಾಹಿತಿಯ ಪ್ರಮಾಣ, ತಗ್ಗಿಸಿ ಮತ್ತೆ ಎನ್‌ಕೋಡ್ ಮಾಡುವುದೇ ಲೇಸು.

ವಿಡಿಯೊ ಸೀಡಿಗಾದರೆ, 70 ನಿಮಿಷ ದಾಟಿದ ಮೇಲೆ ಹಿಮ್ಮೇಳದ ಪದ ಮುಗಿದು ಹೊಸ ವೇಷ ರಂಗಕ್ಕೆ ಬರುವ ಜಾಗವನ್ನು ಹುಡುಕಿ ಅಲ್ಲಿ ಕತ್ತರಿಸಿರಿ, ಉಳಿದುದನ್ನು ಮುಂದಿನ ಡಿಸ್ಕಿಗೆ ಹಾಕಿರಿ.

ನಮಸ್ಕಾರ.