ವೈ ಒತ್ತೋ ಮುಂಚೆ ಆಪ್ಟ್ ಹೇಳೋದನ್ನ ಓದಿ

[ಸ್ಕ್ರೀನ್: ಟರ್ಮಿನಲ್. ಪ್ರಶ್ನೆಯ ಮುಂದೆ ಕರ್ಸರ್ ಮಿಣುಕುತ್ತಿದೆ.]

ಡೆಬಿಯನ್, ಉಬುಂಟು, ಮಿಂಟ್, ಈ ಲಿನಕ್ಸ್‌ಗಳಲ್ಲಿ ಯಾವುದೇ ಇರಲಿ, ಸಾಫ್ಟ್‌ವೇರ್ ಹಾಕೋದು, ತೆಗೆಯೋದು ಎಲ್ಲ ಆಪ್ಟ್ (apt) ಅನ್ನೋ ಟೂಲ್ ಕೈಯಲ್ಲೇ. ಕಮಾಂಡ್‌ಗಳು ಹತ್ತಿಪ್ಪತ್ತು ನಿಮಿಷಕ್ಕೆ ಬಾಯಿಗೆ ಬರುತ್ತವೆ. 'ಮುಂದುವರಿಯಲಾ?' ಅಂತ ಕೇಳೋ ಮುಂಚೆ ಅದು ಮುಂದಿಡೋ ಪಟ್ಟಿ ಓದದೆ ವೈ, ಅಂದ್ರೆ ಹೌದು, ಒತ್ತೋದೇ ಹೆಚ್ಚಿನ ಸಲ ಸಿಸ್ಟಮ್ ಕೆಡಿಸೋದು.

ಮೊದಲು 'ಸುಡೋ ಆಪ್ಟ್ ಅಪ್‌ಡೇಟ್'. ಹೆಸರು ಕೇಳಿ ಮೋಸ ಹೋಗಬೇಡಿ, ಇದು ಒಂದು ಪ್ರೋಗ್ರಾಮನ್ನೂ ಅಪ್‌ಡೇಟ್ ಮಾಡಲ್ಲ. ರೆಪಾಸಿಟರಿಯಲ್ಲಿ, ಅಂದ್ರೆ ಸಾಫ್ಟ್‌ವೇರ್ ಪ್ಯಾಕೇಜುಗಳನ್ನ ಇಟ್ಟಿರೋ ಸರ್ವರ್‌ನಲ್ಲಿ, ಯಾವ ಪ್ಯಾಕೇಜಿನ ಯಾವ ಆವೃತ್ತಿ ಇದೆ ಅನ್ನೋ ಪಟ್ಟಿ ತಂದಿಡುತ್ತೆ, ಅಷ್ಟೇ. ಇದನ್ನ ಬಿಟ್ಟು ನೇರವಾಗಿ ಇನ್‌ಸ್ಟಾಲ್‌ಗೆ ಹೋದ್ರೆ ಎಷ್ಟೋ ಸಲ 404, ಅಂದ್ರೆ 'ಫೈಲ್ ಇಲ್ಲ' ಅನ್ನೋ ಎರರ್, ಬರುತ್ತೆ. ನಿಮ್ಮ ಹಳೇ ಪಟ್ಟಿಯಲ್ಲಿರೋ ಫೈಲು ಸರ್ವರ್‌ನಲ್ಲಿ ಆಗಲೇ ಇರಲ್ಲ.

ಹೊಸ ಆವೃತ್ತಿ ಕೂರಿಸೋದು 'ಆಪ್ಟ್ ಅಪ್‌ಗ್ರೇಡ್'. ಇದು ಇರೋ ಪ್ಯಾಕೇಜನ್ನ ಕಿತ್ತುಹಾಕಲ್ಲ. 'ಫುಲ್-ಅಪ್‌ಗ್ರೇಡ್' ಅಗತ್ಯ ಬಿದ್ದರೆ ಕಿತ್ತುಹಾಕುತ್ತೆ.

[ಸ್ಕ್ರೀನ್: ಇನ್‌ಸ್ಟಾಲ್ ಕಮಾಂಡಿನ ಔಟ್‌ಪುಟ್, ಝೂಮ್. 'ರಿಮೂವ್ಡ್' ಪದದ ಸುತ್ತ ಕೆಂಪು ಗೆರೆ.]

ಇಲ್ಲಿ ಸ್ವಲ್ಪ ನಿಲ್ಲೋಣ. ಯಾವುದು ಹೊಸದಾಗಿ ಬರುತ್ತೆ, ಯಾವುದು ಅಪ್‌ಗ್ರೇಡ್ ಆಗುತ್ತೆ, ಯಾವುದು ಹೋಗುತ್ತೆ, ಮೂರನ್ನೂ ಆಪ್ಟ್ ಬೇರೆ ಬೇರೆಯಾಗಿ ತೋರಿಸುತ್ತೆ. 'ರಿಮೂವ್ಡ್' (ಆಪ್ಟ್‌ನ ಹೊಸ ಆವೃತ್ತಿಗಳಲ್ಲಿ 'ರಿಮೂವಿಂಗ್') ಅಂತ ದೊಡ್ಡಕ್ಷರದಲ್ಲಿ ಬರೋದು ಸುಮ್ಮನೆ ಅಲ್ಲ. ಒಂದು ವಿಡಿಯೋ ಪ್ಲೇಯರ್ ಹಾಕೋಕೆ ಹೋದಾಗ ಡೆಸ್ಕ್‌ಟಾಪ್ ಪ್ಯಾಕೇಜೇ ಆ ಪಟ್ಟಿಯಲ್ಲಿ ಕಂಡ್ರೆ ಎನ್ ಒತ್ತಿ. ಸಾಮಾನ್ಯವಾಗಿ ಹೊರಗಿನ ರೆಪಾಸಿಟರಿಯಿಂದ ಬಂದ ಲೈಬ್ರರಿ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳೋ ಕೋಡ್) ಮತ್ತು ಸಿಸ್ಟಮ್‌ನದ್ದು ಹೊಂದಿಕೊಳ್ಳದೆ, ಒಂದನ್ನ ಉಳಿಸೋಕೆ ಇನ್ನೊಂದನ್ನ ಬಲಿ ಕೊಡೋ ಲೆಕ್ಕಾಚಾರ ಅದು. 'ಆಪ್ಟ್-ಕ್ಯಾಶ್ ಪಾಲಿಸಿ' ಅಂತ ಬರೆದು ಮುಂದೆ ಪ್ಯಾಕೇಜಿನ ಹೆಸರು ಕೊಡಿ, ಯಾವ ಆವೃತ್ತಿ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುತ್ತೆ. ಅನುಮಾನ ಇದ್ರೆ ಇನ್‌ಸ್ಟಾಲ್ ಜೊತೆ '-ಎಸ್' ಸೇರಿಸಿ. ಬರೀ ರಿಹರ್ಸಲ್, ಏನೂ ಬದಲಾಗಲ್ಲ.

ಡೌನ್‌ಲೋಡ್ ಮಾಡಿದ ಡೆಬ್ ಫೈಲ್ (.deb, ಒಂದೇ ಫೈಲಿನಲ್ಲಿರೋ ಪ್ಯಾಕೇಜ್) ಇದ್ರೆ 'ಡಿಪಿಕೆಜಿ -ಐ' (dpkg -i) ಬೇಡ. ಅದು ಡಿಪೆಂಡೆನ್ಸಿ, ಅಂದ್ರೆ ಆ ಪ್ಯಾಕೇಜಿಗೆ ಬೇಕಾದ ಬೇರೆ ಪ್ಯಾಕೇಜುಗಳನ್ನ, ತರಲ್ಲ, ಪ್ಯಾಕೇಜ್ ಅರ್ಧಕ್ಕೇ ನಿಲ್ಲುತ್ತೆ. 'ಆಪ್ಟ್ ಇನ್‌ಸ್ಟಾಲ್' ಬರೆದು, ಫೈಲಿನ ಹೆಸರಿನ ಮುಂದೆ ಚುಕ್ಕೆ, ಸ್ಲ್ಯಾಶ್ ಹಾಕಿ. ಅದನ್ನ ಮರೆತರೆ ಆಪ್ಟ್ ಆ ಹೆಸರನ್ನ ರೆಪಾಸಿಟರಿಯಲ್ಲಿ ಹುಡುಕಿ 'ಸಿಗಲಿಲ್ಲ' ಅನ್ನುತ್ತೆ. ಆಗಲೇ ಅರ್ಧಕ್ಕೆ ನಿಂತಿದ್ರೆ, 'ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'.

[ಸ್ಕ್ರೀನ್: 'ಲಾಕ್ ಸಿಗಲಿಲ್ಲ' ಎಂಬ ಎರರ್]

ಒಂದು ಸಲಕ್ಕೆ ಒಬ್ಬರೇ ಪ್ಯಾಕೇಜ್ ಬದಲಿಸಲಿ ಅಂತ ಇರೋದು ಲಾಕ್. ಈ ಎರರ್ ಬಂದ್ರೆ, ಲಾಕ್ ಫೈಲ್ ಡಿಲೀಟ್ ಮಾಡಿ ಅನ್ನೋ ಸಲಹೆ ಎಲ್ಲೆಲ್ಲೂ ಸಿಗುತ್ತೆ. ಕೆಟ್ಟ ಸಲಹೆ. ಹಿನ್ನೆಲೆಯಲ್ಲಿ ಆಟೋಮ್ಯಾಟಿಕ್ ಅಪ್‌ಗ್ರೇಡ್ ನಡೀತಿರಬಹುದು, ಮೆಸೇಜಿನಲ್ಲೇ ಅದರ ಪ್ರೋಸೆಸ್ ನಂಬರ್ ಇರುತ್ತೆ. ಲಾಕ್ ಕಿತ್ತರೆ ಇಬ್ಬರು ಒಂದೇ ಡೇಟಾಬೇಸಿಗೆ ಒಟ್ಟಿಗೆ ಬರೆದ ಹಾಗಾಗುತ್ತೆ. ಕಾಯಿರಿ. ಮಧ್ಯದಲ್ಲೇ ಕರೆಂಟ್ ಹೋಗಿ ಮೆಷಿನ್ ಆಫ್ ಆಗಿದ್ರೆ ಮಾತ್ರ ಕಥೆ ಬೇರೆ. ಮತ್ತೆ ಬೂಟ್ ಆದಮೇಲೆ 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಡಿ, ನಿಂತಲ್ಲಿಂದ ಮುಂದುವರಿಯುತ್ತೆ.

ತೆಗೆಯುವಾಗ, 'ರಿಮೂವ್' ಸಿಸ್ಟಮ್ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಉಳಿಸುತ್ತೆ, 'ಪರ್ಜ್' ಅದನ್ನೂ ಅಳಿಸುತ್ತೆ. ಹೋಮ್ ಫೋಲ್ಡರಿನಲ್ಲಿರೋ ನಿಮ್ಮ ಸೆಟ್ಟಿಂಗ್‌ಗಳನ್ನ ಎರಡೂ ಮುಟ್ಟಲ್ಲ. ಬೇರೆ ಪ್ಯಾಕೇಜಿಗಾಗಿ ಬಂದು ಈಗ ಯಾರಿಗೂ ಬೇಡವಾದವನ್ನ 'ಆಟೋರಿಮೂವ್' ಗುಡಿಸುತ್ತೆ. ಹಳೇ ಕರ್ನಲ್‌ಗಳೂ (ಸಿಸ್ಟಮ್‌ನ ತಿರುಳು) ಹೀಗೇ ಹೋಗುತ್ತವೆ. ಕರ್ನಲ್ ಇರೋ ಬೂಟ್ ಪಾರ್ಟಿಷನ್ (ಡಿಸ್ಕಿನ ಬೇರೆ ಭಾಗ) ಚಿಕ್ಕದಾಗಿದ್ರೆ ಇದನ್ನ ಮರೆಯಬೇಡಿ, ಅದು ತುಂಬಿದ್ರೆ ಮುಂದಿನ ಕರ್ನಲ್ ಅಪ್‌ಗ್ರೇಡ್ ನಡುದಾರಿಯಲ್ಲಿ ಕೈಕೊಡುತ್ತೆ.

[ಸ್ಕ್ರೀನ್: ಕಾನ್ಫಿಗ್ ಫೈಲಿನ ಪ್ರಶ್ನೆ. ವೈ, ಎನ್, ಡಿ, ಝಡ್.]

ಇನ್ನೊಂದು ಪ್ರಶ್ನೆ, ಸರ್ವರ್ ನೋಡಿಕೊಳ್ಳೋರಿಗೆ ಜಾಸ್ತಿ ಎದುರಾಗೋದು. ನೀವು ತಿದ್ದಿದ ಕಾನ್ಫಿಗ್ ಫೈಲಿಗೆ ಪ್ಯಾಕೇಜಿನ ಜೊತೆ ಹೊಸ ರೂಪ ಬಂದಿದೆ, ಯಾವುದು ಇರಲಿ ಅಂತ. ಎಂಟರ್ ಒತ್ತಿದ್ರೆ ನಿಮ್ಮದೇ ಉಳಿಯುತ್ತೆ, ಹೊಸದು ಪಕ್ಕದಲ್ಲೇ 'ಡಿಪಿಕೆಜಿ-ಡಿಸ್ಟ್' ಅನ್ನೋ ಬಾಲದ ಜೊತೆ ಕೂರುತ್ತೆ. ಮೊದಲು ಡಿ ಒತ್ತಿ, ಎರಡರ ವ್ಯತ್ಯಾಸ ಸಾಲು ಸಾಲಾಗಿ ಕಾಣುತ್ತೆ. ನೋಡಿಯಾದ ಮೇಲೆ ಕ್ಯೂ ಒತ್ತಿದ್ರೆ ಮತ್ತೆ ಅದೇ ಪ್ರಶ್ನೆಗೆ ವಾಪಸ್.